ಪ್ರೊಬೇಷನ್ ಸಾಹೇಬರಿಗೆ ಬರೆದ ಚೀಟಿ

ಹೋದ ತಿಂಗಳು ತುಮಕೂರಿನಲ್ಲಿ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ದವಡೆ ಹಲ್ಲೊಂದು ಮೂರು ದಿನದಿಂದ ಜೀವ ತಿನ್ನುತ್ತಿತ್ತು. ಡಾಕ್ಟರಮ್ಮ ಹತ್ತಿಯ ಸಣ್ಣ ಉಂಡೆಯನ್ನು ಯಾವುದೋ ಎಣ್ಣೆಗೆ ಅದ್ದಿ ಹಲ್ಲಿನ ತೂತಿನೊಳಗೆ ಇಟ್ಟರು. ಲವಂಗದ ಎಣ್ಣೆ. ಅದರ ಘಾಟು ಮೂಗಿಗೆ ಹತ್ತಿದ್ದೇ ತಡ, ಹಲ್ಲುನೋವು ಮರೆತೇಹೋಯಿತು. ಹದಿನೈದು ವರ್ಷವಾಯಿತು... ಇವತ್ತಿಗೂ ಆ ವಾಸನೆ ಬಂದರೆ ನನ್ನ ಬೆನ್ನು ನೆಟ್ಟಗಾಗುತ್ತದೆ, ಕೈ ತಾನಾಗಿ ಜೇಬಿನಲ್ಲಿ ಪೆನ್ನು ಹುಡುಕುತ್ತದೆ.

ಪ್ರೊಬೇಷನ್ ಸಾಹೇಬರ ಬಾಯಲ್ಲಿ ಯಾವಾಗಲೂ ಒಂದು ಲವಂಗ ಇರುತ್ತಿತ್ತು. ಬಲಗೆನ್ನೆಯಿಂದ ಎಡಗೆನ್ನೆಗೆ ಅದು ಹೋಗುವಷ್ಟು ಹೊತ್ತು ಎದುರಿಗೆ ನಿಂತವನು ಕಾಯಬೇಕು. ಆಮೇಲೆ ಮಾತು. ತೆಳ್ಳಗಿನ ಮನುಷ್ಯ, ಇಸ್ತ್ರಿ ಮುರಿಯದ ಅರ್ಧ ತೋಳಿನ ಅಂಗಿ, ಹಣೆಯ ಮೇಲೆ ಅಡಿಪಟ್ಟಿ ಇಟ್ಟು ಎಳೆದಂಥ ವಿಭೂತಿ. ಗುಬ್ಬಿಯಿಂದ ದಿನಾ ರೈಲಿಗೆ ಬಂದು ಹೋಗುತ್ತಿದ್ದರು. ನನ್ನ ಜೀವನದಲ್ಲಿ ನಾನು ಮನಸಾರೆ ದ್ವೇಷಿಸಿದ್ದು ಇಬ್ಬರನ್ನು. ಒಬ್ಬ ನನ್ನ ದೊಡ್ಡಪ್ಪನ ಮಗ, ಇನ್ನೊಬ್ಬರು ಇವರು. ದೊಡ್ಡಪ್ಪನ ಮಗನ ಜೊತೆ ಈಗ ಮಾತುಕತೆ ಇದೆ.

ಅವನಿಂದಲೇ ಎಲ್ಲ ಶುರುವಾಗಿದ್ದು. ಅಮೃತೂರಿನ ಪಕ್ಕದ ನಮ್ಮೂರಲ್ಲಿ ಎರಡು ಮನೆಗೂ ಸೇರಿ ಒಂದೇ ಬೋರ್‌ವೆಲ್. ದಿನ ಬಿಟ್ಟು ದಿನ ನೀರು. ನನ್ನ ಸರದಿಯ ದಿನ ಅವನು ಸ್ಟಾರ್ಟರಿನ ಫ್ಯೂಸು ಕಿತ್ತುಕೊಂಡು ಹೋಗುತ್ತಿದ್ದ. ಒಂದು ಸಲ ಕೇಳಿದೆ, ಎರಡು ಸಲ ಕೇಳಿದೆ. ಮೂರನೇ ಸಲ ಕೈಯಲ್ಲಿ ಪೈಪ್ ರೆಂಚು ಇತ್ತು. ಅವನ ಮುಂಗೈ ಮೂಳೆ ಮುರಿಯಿತು. ನನಗಾಗ ಇಪ್ಪತ್ತೊಂದು. ಐಟಿಐನಲ್ಲಿ ಎಲೆಕ್ಟ್ರಿಷಿಯನ್ ಮುಗಿಸಿ, ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕುತ್ತಾ ಓಡಾಡುತ್ತಿದ್ದವನು. ಮಾಡಿದ್ದು ಸರಿ ಎಂದು ನಾನು ಯಾವತ್ತೂ ವಾದಿಸಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು.

ಕುಣಿಗಲ್ಲಿನ ಕೋರ್ಟಿನಲ್ಲಿ ಮೂರು ವರ್ಷ ಕೇಸು ನಡೆಯಿತು. ತಪ್ಪು ಸಾಬೀತಾಯಿತು. ಆದರೆ ಮೊದಲ ತಪ್ಪು, ಚಿಕ್ಕ ವಯಸ್ಸು ಎಂದು ಜಡ್ಜು ಜೈಲಿಗೆ ಕಳಿಸದೆ ಒಂದು ವರ್ಷ ಪ್ರೊಬೇಷನ್ ಮೇಲೆ ಬಿಟ್ಟರು. ಷರತ್ತುಗಳನ್ನು ಓದಿ ಹೇಳಿದರು. ಪ್ರತಿ ತಿಂಗಳ ಮೊದಲ ಸೋಮವಾರ ತುಮಕೂರಿನ ಕಚೇರಿಗೆ ಬಂದು ಸಾಹೇಬರಿಗೆ ಮುಖ ತೋರಿಸಬೇಕು. ಯಾರ ಮೇಲೂ ಕೈ ಎತ್ತಬಾರದು. ಸಾಹೇಬರ ಲಿಖಿತ ಅನುಮತಿಯಿಲ್ಲದೆ ಜಿಲ್ಲೆ ಬಿಡಬಾರದು. ಮುರಿದರೆ ವಾರಂಟು, ಹಿಡಿದು ತಂದು ಹಳೇ ಅಪರಾಧಕ್ಕೇ ಶಿಕ್ಷೆ. ಲಾಯರು ಹೊರಗೆ ಬಂದು ಇನ್ನೊಂದು ಮಾತು ಹೇಳಿದರು, ಅದೇ ನನಗೆ ಮುಖ್ಯವಾಗಿತ್ತು. ಈ ಒಂದು ವರ್ಷ ಸರಿಯಾಗಿ ಮುಗಿಸಿದರೆ ಈ ಕೇಸು ಸರ್ಕಾರಿ ಕೆಲಸಕ್ಕೆ ಅಡ್ಡ ಬರುವುದಿಲ್ಲ. ಮಧ್ಯದಲ್ಲಿ ಕೆಡಿಸಿಕೊಂಡು ಜೈಲು ಕಂಡರೆ ಲೈನ್‌ಮನ್ ಕೆಲಸದ ಆಸೆ ಅಲ್ಲಿಗೇ ಬಿಡಬೇಕು.

ಅವ್ವನಿಗೆ ಈ ಷರತ್ತು ಗಿರತ್ತು ಯಾವುದೂ ಕಿವಿಗೆ ಬೀಳಲಿಲ್ಲ. ಮಗ ಜೈಲಿಗೆ ಹೋಗಲಿಲ್ಲ, ಅಷ್ಟೇ ಗೊತ್ತು. ಕೋರ್ಟಿನ ಅಂಗಳದಲ್ಲೇ ಸೆರಗೊಡ್ಡಿ ನಿಂತು, ಬರುವ ಶಿವರಾತ್ರಿಗೆ ನನ್ನ ಮಗನನ್ನು ಬರಿಗಾಲಲ್ಲಿ ನಿನ್ನ ಬೆಟ್ಟಕ್ಕೆ ನಡೆಸುತ್ತೇನೆ ಎಂದು ಮಾದಪ್ಪನಿಗೆ ಹರಕೆ ಹೊತ್ತಳು. ಪ್ರೊಬೇಷನ್ ಸಾಹೇಬರು ಅಲ್ಲೇ ಎರಡು ಮಾರು ದೂರದಲ್ಲಿ ನಿಂತು ಫೈಲು ಕಟ್ಟುತ್ತಿದ್ದರು. ಅವ್ವ ಅವರಿಗೂ ಕೈ ಮುಗಿದಳು.

“ನಿಮ್ ಹೆಸ್ರಲ್ಲೂ ಒಂದ್ ಕಾಯಿ ಹೊಡ್ಸ್ತೀನಿ ಸಾಮಿ,” ಅಂದಳು.

ಅವರು ಲವಂಗವನ್ನು ಈ ಕೆನ್ನೆಯಿಂದ ಆ ಕೆನ್ನೆಗೆ ತಳ್ಳಿದರು. ಬೆಟ್ಟ ಬೇರೆ ಜಿಲ್ಲೆಯಲ್ಲಿದೆಯಮ್ಮ ಎಂದು ಅವತ್ತೇ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನ ಲೆಕ್ಕದಲ್ಲಿ ಅವರ ಮೊದಲ ತಪ್ಪು ಅದು.

ಆಮೇಲೆ ಶುರುವಾಯಿತು ಸೋಮವಾರಗಳ ಮೆರವಣಿಗೆ. ಸಾಹೇಬರ ಕೋಣೆಯ ಹೊರಗೆ ಒಂದು ಉದ್ದನೆಯ ಬೆಂಚು, ಅದರ ಮೇಲೆ ನನ್ನಂಥವರು ಏಳೆಂಟು ಜನ. ಒಳಗೆ ಹೋದ ಕೂಡಲೇ ಒಂದು ನೋಟ್ ಬುಕ್ಕು ಮುಂದೆ ತಳ್ಳುತ್ತಿದ್ದರು. ಈ ತಿಂಗಳು ಏನೇನು ಮಾಡಿದೆ, ಎಲ್ಲೆಲ್ಲಿ ಹೋಗಿದ್ದೆ, ಯಾರ ಜೊತೆ ಮಾತಿಗೆ ಮಾತು ಬೆಳೆಯಿತು, ಎಲ್ಲವನ್ನೂ ನಮ್ಮ ಕೈಯಲ್ಲೇ ಬರೆಸುವುದು ಅವರ ಪದ್ಧತಿ. ಬೇರೆ ಕಡೆ ಗುಮಾಸ್ತ ಬರೆದುಕೊಂಡು ಸಹಿ ಹಾಕಿಸುತ್ತಿದ್ದ ಎಂದು ಕೇಳಿದ್ದೆ. ಇವರು ಹಾಗಲ್ಲ. ಮದುವೆ ವಯಸ್ಸಿನ ಗಂಡಸರನ್ನು ಮೂರನೇ ಕ್ಲಾಸಿನ ಮಕ್ಕಳ ಹಾಗೆ ಕೂರಿಸಿ ಬರೆಸಿ, ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ‘ಜಗಳ ಆಗಿಲ್ಲ’ ಎಂದು ಬರೆದರೆ ಅದನ್ನು ಹೊಡೆದುಹಾಕಿ, “ಆಗೋದಿಲ್ಲಪ್ಪ ಜಗಳ, ಮಾಡೋದು. ‘ನಾನು ಜಗಳ ಮಾಡಿಲ್ಲ’ ಅಂತ ಬರಿ,” ಅನ್ನುತ್ತಿದ್ದರು. ಬೆಂಚಿನ ಮೇಲಿದ್ದವರಿಗೆಲ್ಲ ಕೇಳಿಸುತ್ತಿತ್ತು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಹೇಳದೆ ಕೇಳದೆ ಊರಿಗೂ ಬರುತ್ತಿದ್ದರು. ನೇರ ಮನೆಗಲ್ಲ. ಮೊದಲು ಟೀ ಅಂಗಡಿ, ಆಮೇಲೆ ಹಾಲಿನ ಡೈರಿ, ಆಮೇಲೆ ನನ್ನಿಂದ ಏಟು ತಿಂದವನ ಮನೆ. ಹುಡುಗ ಹೇಗಿದ್ದಾನೆ ಎಂದು ವಿಚಾರಿಸುವುದು. ಊರಲ್ಲಿ ಮರೆತವರಿಗೂ ನೆನಪಾಗುತ್ತಿತ್ತು. ಕೊನೆಗೆ ನಮ್ಮ ಮನೆ. ಒಂದು ಸಲ ನನ್ನೆದುರಿಗೇ ಅವ್ವನನ್ನು, “ನಿಮ್ಮ ಮೇಲೆ ಕೈ ಮಾಡ್ತಾನೇನಮ್ಮ?” ಎಂದು ಕೇಳಿದರು. ಅವ್ವ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ನಕ್ಕಳು. ನನಗೆ ಗೋಡೆಗೆ ಒರಗಿಸಿಟ್ಟಿದ್ದ ರೆಂಚು ಕಣ್ಣಿಗೆ ಬಿತ್ತು. ಅವರ ಕಣ್ಣಿಗೂ ಬಿತ್ತು ಎಂದು ಕಾಣುತ್ತದೆ... ಮುಂದಿನ ತಿಂಗಳು ಅದನ್ನೂ ಬರೆಸಿದರು.

ಅವ್ವನಿಗೆ ಮಾತ್ರ ಅವರು ದೇವರಂಥವರು. ಬಂದಾಗಲೆಲ್ಲ ಗಟ್ಟಿ ಹಾಲಿನ ಕಾಫಿ, ಚಾಪೆ, ಫ್ಯಾನು ಅವರ ಕಡೆಗೆ. ಮಗನನ್ನು ಜೈಲಿನಿಂದ ಉಳಿಸಿದವರು ಜಡ್ಜಲ್ಲ, ಇವರೇ ಎಂದು ಅವಳ ನಂಬಿಕೆ. ನಾನು ಎಷ್ಟು ಹೇಳಿದರೂ ಕೇಳಲಿಲ್ಲ. “ಅಷ್ಟು ದೂರ್ದಿಂದ ಬಂದು ನಿನ್ನ ವಿಚಾರುಸ್ಕೊತಾರಲ್ಲ, ನಿಮ್ಮಪ್ಪ ಇದ್ದಿದ್ರೂ ಇಷ್ಟು ಮಾಡ್ತಿರ್ಲಿಲ್ಲ ಕಣ್ಲಾ,” ಎಂದು ನನಗೇ ಬುದ್ಧಿ ಹೇಳಿದಳು.

ಕಾರ್ತಿಕ ಮಾಸದಲ್ಲಿ ಒಂದು ಸೋಮವಾರ ನಾನು ಹೋಗಲಿಲ್ಲ. ಯಾರದೋ ತೋಟದಲ್ಲಿ ಮೋಟಾರು ಎತ್ತುವ ಕೆಲಸವಿತ್ತು, ಮಂಗಳವಾರ ಹೋದೆ. ಸಾಹೇಬರು ಒಂದು ದಿನದ ಸಲುವಾಗಿ ಕೋರ್ಟಿಗೆ ವರದಿ ಬರೆದರು. ಕೋರ್ಟು ಐವತ್ತು ರೂಪಾಯಿ ದಂಡ ಹಾಕಿ, ಇನ್ನೊಂದು ಸಲ ಹೀಗಾದರೆ ದಂಡದಲ್ಲಿ ಮುಗಿಯುವುದಿಲ್ಲ ಎಂದು ಎಚ್ಚರಿಸಿ ಬಿಟ್ಟಿತು. ಎಂಥ ಕರುಣೆಯಿಲ್ಲದ ಮನುಷ್ಯ ಎಂದು ಬಸ್ಸಿನಲ್ಲಿ ಕುಣಿಗಲ್ಲಿನಿಂದ ಊರಿನವರೆಗೂ ಬಯ್ದುಕೊಂಡು ಬಂದೆ.

ಶಿವರಾತ್ರಿ ಹತ್ತಿರ ಬಂತು. ನಮ್ಮೂರಿನಿಂದ ಹನ್ನೆರಡು ಜನ ಬೆಟ್ಟಕ್ಕೆ ನಡೆದು ಹೊರಡುವವರಿದ್ದರು. ಇನ್ನೈದು ತಿಂಗಳು ಕಳೆದಿದ್ದರೆ ಪ್ರೊಬೇಷನ್ನೇ ಮುಗಿಯುತ್ತಿತ್ತು, ಮುಂದಿನ ವರ್ಷ ಹೋಗಬಹುದಿತ್ತು. ಅವ್ವ ಒಪ್ಪಲಿಲ್ಲ. ಹೊತ್ತ ಹರಕೆಯನ್ನು ಮುಂದೂಡಿದರೆ ಮಾದಪ್ಪ ಕೊಟ್ಟಿದ್ದನ್ನು ಕಿತ್ತುಕೊಳ್ಳುತ್ತಾನೆ ಎಂದು ಅವಳ ಹೆದರಿಕೆ. ನಮಗೆ ಜಿಲ್ಲೆಯ ಗಡಿ ಎನ್ನುವುದೂ ತಲೆಯಲ್ಲಿ ಕೂರುವ ವಿಷಯವಲ್ಲ. ನಮ್ಮೂರಿಂದ ಮಂಡ್ಯ ಜಿಲ್ಲೆ ಅಂದರೆ ಮಾತಾಡಿಕೊಂಡು ನಡೆದು ಹೋಗುವಷ್ಟು ದೂರ. ಹೆಣ್ಣು ಕೊಡುವುದು ಆ ಕಡೆಗೆ, ತರುವುದು ಆ ಕಡೆಯಿಂದ. ಆದರೂ ನಾನು ನಿಯಮ ಮುರಿಯಬಾರದೆಂದು, ಹೊರಡುವ ಎರಡು ದಿನ ಮೊದಲು ತುಮಕೂರಿಗೆ ಹೋದೆ.

ಸಾಹೇಬರು ಸೀಟಿನಲ್ಲಿರಲಿಲ್ಲ. ಯಾವುದೋ ವಿಚಾರಣೆಗೆ ಗುಬ್ಬಿ ಕಡೆ ಹೋಗಿದ್ದರು, ಅವತ್ತೂ ಮಾರನೇ ದಿನವೂ ಬರುವುದಿಲ್ಲ. ಬಾಗಿಲಲ್ಲಿ ಅಟೆಂಡರ್ ಕೂತಿದ್ದ.

“ನಾಳಿದ್ದು ಬಾರಪ್ಪ,” ಅಂದ.

“ನಾಳಿದ್ದೇ ಹೊರಡ್ಬೇಕು ಅಣ್ಣ. ಚೀಟಿ ಬರ್ದು ಕೊಟ್ರೆ ಆಗಲ್ವಾ?”

“ಕೊಟ್ಟೋಗು. ಟೇಬಲ್ ಮೇಲೆ ಇಡ್ತೀನಿ.”

ಬರೆದೆ. ಏಳು ತಿಂಗಳಿಂದ ಅವರೇ ಕೈ ತಿದ್ದಿಸಿದ್ದರಲ್ಲ, ದುಂಡಗೆ ಬರೆದೆ. ‘ತಾಯಿಯ ಹರಕೆಯಂತೆ ನಾನು ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗಿ ಬರುತ್ತೇನೆ. ಆರು ದಿನವಾಗುತ್ತದೆ. ತಮ್ಮ ಗಮನಕ್ಕೆ ತಂದಿದ್ದೇನೆ.’ ಕೆಳಗೆ ಸಹಿ. ನಮ್ಮ ಕಡೆ ಮನೆಯಿಂದ ಹೊರಡುವಾಗ ದೊಡ್ಡವರಿಗೆ ‘ಹೋಗ್ಬತ್ತೀನಿ’ ಅನ್ನುತ್ತೇವೆ. ‘ಹೋಗ್ಲಾ’ ಎಂದು ಕೇಳುವುದು ಮಕ್ಕಳು. ಹೇಳಿ ಹೋದ ಮೇಲೆ ಅಲ್ಲಿಗೆ ಮರ್ಯಾದೆ ಸಂದಿತು. ಅನುಮತಿ ಅಂದರೆ ಅವರು ಬರೆದು ಕೊಡಬೇಕಾದ್ದು, ನಾನು ಬರೆದು ಕೊಡುವುದಲ್ಲ ಎಂಬ ವ್ಯತ್ಯಾಸ ನನಗೆ ನಿಜವಾಗಿಯೂ ಹೊಳೆಯಲಿಲ್ಲ. ಆ ಹೊತ್ತಿಗೆ ಸಮಾಧಾನವಾಗಿ, ಸಂತೆಬೀದಿಯಲ್ಲಿ ಅವ್ವನಿಗೆ ಎಲೆ ಅಡಿಕೆ ಕಟ್ಟಿಸಿಕೊಂಡು ಊರಿಗೆ ಬಂದೆ.

ನಡೆದದ್ದು ನಾಲ್ಕು ದಿನ. ಉಘೇ ಮಾದಪ್ಪ ಎಂದು ಕೂಗುತ್ತಾ ಕಾವೇರಿ ದಾಟಿ, ಕಾಡು ಹತ್ತಿ, ಅಂಗಾಲು ಬೊಬ್ಬೆಯೆದ್ದು, ಬೆಟ್ಟ ಸೇರಿದೆ. ಅವ್ವನ ಮಾತಿನಂತೆ ಸಾಹೇಬರ ಹೆಸರಲ್ಲೂ ಒಂದು ಕಾಯಿ ಹೊಡೆಸಿ, ಅವರ ಪಾಲಿನ ಹೋಳನ್ನು ಬೇರೆ ಕಟ್ಟಿಕೊಂಡೆ.

ನಾನು ಹೊರಟ ಮಾರನೇ ದಿನವೇ ಸಾಹೇಬರು ನಮ್ಮೂರಿಗೆ ಬಂದಿದ್ದರಂತೆ. ನಾನು ಇದ್ದೇನೋ ಇಲ್ಲವೋ ನೋಡಲು. ಅವ್ವ ಎಂದಿನಂತೆ ಚಾಪೆ ಹಾಸಿ ಕಾಫಿ ಕೊಟ್ಟು, ಅವರು ಕೇಳುವ ಮೊದಲೇ ಸಂಭ್ರಮದಿಂದ ಹೇಳಿದಳಂತೆ. “ನನ್ ಮಗ ಬೆಟ್ಟಕ್ಕೆ ಹೋಗವ್ನೆ ಸಾಮಿ, ನಿಮ್ ಕಾಯ್ನೂ ತತ್ತಾನೆ.” ಅವರು ಕಾಫಿ ಕುಡಿದು ಮುಗಿಸಿ, ಲೋಟ ಪಕ್ಕಕ್ಕಿಟ್ಟು, ಯಾವಾಗ ಹೊರಟ ಎಂದು ಕೇಳಿ, ಎದ್ದು ಹೋದರಂತೆ.

ನಾನು ವಾಪಸು ಬಂದ ಮರುದಿನ ಬೆಳಿಗ್ಗೆ ಹತ್ತು ಗಂಟೆ ಇರಬಹುದು. ಜಗಲಿಯ ಮೇಲೆ ಕೂತು ಬಿಸಿನೀರಿಗೆ ಉಪ್ಪು ಹಾಕಿ ಕಾಲು ಅದ್ದಿಕೊಂಡಿದ್ದೆ. ಇಬ್ಬರು ಪೊಲೀಸರು ಬಂದರು. ಅವ್ವ ಅವರನ್ನು ನೋಡಿದ್ದೇ ಒಳಗೋಡಿ ಬೆಟ್ಟದ ಪ್ರಸಾದ ತಂದು ಇಬ್ಬರ ಕೈಗೂ ಹಾಕಿದಳು. ಯಾರು ಬಂದರೂ ಕೊಡುತ್ತಿದ್ದಳು ಆ ದಿನ. ಅವರು ಕಣ್ಣಿಗೊತ್ತಿಕೊಂಡು, ನಿಂತೇ ಬಾಯಿಗೆ ಹಾಕಿಕೊಂಡರು. ದೊಡ್ಡ ಪೇದೆ ಕೈ ಒರೆಸಿಕೊಂಡು ಜೇಬಿನಿಂದ ಕಾಗದ ತೆಗೆದ.

“ಕಾಲು ಒರುಸ್ಕೊಳಪ್ಪ, ಹೋಗಣ. ವಾರಂಟ್ ಆಗದೆ.”

“ಯಾಕೆ? ನಾನೇನ್ ಮಾಡ್ದೆ?”

“ಪರ್ಮಿಷನ್ ಇಲ್ದೆ ಜಿಲ್ಲೆ ಬುಟ್ಟಿದ್ದೆ ಅಂತ ಪ್ರೊಬೇಷನ್ನೋರು ಬರ್ದವ್ರೆ. ಜಡ್ಜ್ ಮುಂದೆ ಹೇಳ್ಕೊ ಬಾ.”

ಅವ್ವ ಪ್ರಸಾದದ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅವಳ ಮುಖ ಬಿಳುಚಿಕೊಂಡಿದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. “ನಾನೇ ಹೇಳ್ದೆ ಕಣಪ್ಪ... ಆ ಸಾಮಿಗೆ ನಾನೇ ಬಾಯ್ಬುಟ್ಟೆ,” ಅಂದಳು. ಅದೇ ಮಾತನ್ನು ಬೀದಿಯ ಕೊನೆಯವರೆಗೂ ಹೇಳಿಕೊಂಡು ನಮ್ಮ ಹಿಂದೆ ಬಂದಳು. ಬೊಬ್ಬೆಯೊಡೆದ ಕಾಲಲ್ಲಿ ನಡೆಯಲಾಗದೆ ನಾನು ಪೇದೆಯ ಹೆಗಲು ಹಿಡಿದಿದ್ದೆ.

ಕೋರ್ಟು ವಿಚಾರಣೆಗೆ ಒಂದು ವಾರ ಬಿಟ್ಟು ದಿನ ಕೊಟ್ಟು, ಅಲ್ಲಿಯವರೆಗೆ ನನ್ನನ್ನು ಒಳಗಿಟ್ಟಿತು. ಆ ವಾರದಲ್ಲಿ ಅವ್ವ ಒಬ್ಬಳೇ ತುಮಕೂರಿಗೆ ಹೋದಳು. ಎಂದೂ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಸಾಹೇಬರ ಪಾಲಿನ ಕಾಯಿಹೋಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಹೋಗಿ ಅವರ ಮೇಜಿನ ಮೇಲಿಟ್ಟಳು. ದೇವರ ಮುಂದೆ ಅವರ ಹೆಸರು ಹೇಳಿ ಒಡೆದದ್ದು, ಮನೆಯಲ್ಲಿ ಇಟ್ಟುಕೊಳ್ಳಬಾರದು. ಅವರು, “ಕೇಸಿರೋರ ಕಡೆಯಿಂದ ಆಫೀಸಲ್ಲಿ ಏನೂ ತಗೊಳ್ಳಲ್ಲಮ್ಮ,” ಎಂದು ಅದನ್ನು ಅವಳ ಕಡೆಗೇ ತಳ್ಳಿದರು. ಹಣೆಯ ಮೇಲೆ ಅಷ್ಟಗಲ ವಿಭೂತಿ ಇಟ್ಟುಕೊಂಡು, ಮಾದಪ್ಪನ ಪ್ರಸಾದ ಬೇಡ ಅಂದರು. ಲಂಚ ಅಂದುಕೊಂಡರೋ ಏನೋ. ಹೆತ್ತ ತಾಯಿ, ನಾಲ್ಕು ದಿನ ಮಗ ನಡೆದು ತಂದ ತೆಂಗಿನ ಹೋಳು... ವಾರಂಟಿಗಾದರೂ ಒಂದು ನ್ಯಾಯವಿದೆ, ಇದಕ್ಕಿಲ್ಲ.

ವಿಚಾರಣೆಯ ದಿನ ಅವ್ವ ಹೊರಗೆ ಹೊಂಗೆಮರದ ಕೆಳಗೆ ಕೂತಿದ್ದಳು. ಒಳಗೆ ಸಾಹೇಬರ ವರದಿಯನ್ನು ಓದಿದರು. ಅದರಲ್ಲಿ ಅವ್ವನ ಹೆಸರೇ ಇರಲಿಲ್ಲ. ಅವಳು ಕಾಫಿ ಕೊಟ್ಟು ಹೇಳಿದ ಒಂದು ಮಾತೂ ಇರಲಿಲ್ಲ. ವರದಿ ಬರೆದದ್ದು ಅವರು ನಮ್ಮೂರಿಗೆ ಬರುವುದಕ್ಕೆ ಮುಂಚೆ, ನಾನು ಹೊರಟ ದಿನವೇ, ಚೀಟಿ ಕೈಸೇರಿದ ಕೂಡಲೇ. ‘ಸದರಿಯವನು ತನ್ನ ಕೈಬರಹದಲ್ಲೇ ತಿಳಿಸಿರುವಂತೆ’ ಎಂದು ಶುರುವಾಗುತ್ತಿತ್ತು. ಹಿಂದೆ ನನ್ನ ಚೀಟಿ ಪಿನ್ನು ಮಾಡಿತ್ತು. ಜಡ್ಜು ಅದನ್ನು ಎತ್ತಿ ತೋರಿಸಿ ಇದು ನಿನ್ನ ಅಕ್ಷರವೇ ಎಂದು ಕೇಳಿದರು. ಹೌದು ಸ್ವಾಮಿ ಅಂದೆ. ಇನ್ನೊಂದು ಅವಕಾಶ ಕೊಡಬಹುದೇ ಎಂದು ಸಾಹೇಬರನ್ನು ಕೇಳಿದರು. “ಇದು ಎರಡನೇ ಸಲ ಸ್ವಾಮಿ,” ಅಂದರು ಅವರು, ಅಷ್ಟೇ. ಮೂರು ತಿಂಗಳ ಸಾದಾ ಸಜೆ ಆಯಿತು. ಲೈನ್‌ಮನ್ ಕೆಲಸ ಅಲ್ಲಿಗೆ ಮುಗಿಯಿತು.

ಪೊಲೀಸರು ನನ್ನನ್ನು ಹೊರಗೆ ಕರೆದುಕೊಂಡು ಬರುವಾಗ ವರಾಂಡದಲ್ಲಿ ಸಾಹೇಬರು ಅಡ್ಡ ಬಂದರು. ಹತ್ತಿರ ನಿಂತರು, ಲವಂಗ ನಾರುತ್ತಿತ್ತು.

“ನಿಮ್ಮಮ್ಮ ತಮ್ಮ ಮಾತಿಂದ ಹೀಗಾಯ್ತು ಅಂದ್ಕೊಂಡಿದಾರೆ. ಆಫೀಸಿಗೆ ಬಂದಾಗ ನಾನು ಹೇಳ್ದೆ, ಅವನೇ ಬರೆದು ಕೊಟ್ಟಿದಾನಮ್ಮ ಅಂತ. ನಂಬಲಿಲ್ಲ. ನೀನೇ ಹೇಳಿಬಿಡು.”

ಹೇಗೆ ನಂಬಿಯಾಳು. ಮಾದಪ್ಪನ ಪ್ರಸಾದವನ್ನೇ ತಳ್ಳಿದವನ ಮಾತು.

ಮರದ ಕೆಳಗೆ ಅವ್ವ ಎದ್ದು ನಿಂತಿದ್ದಳು. ನನ್ನ ಕೈ ಹಿಡಿದು ಮತ್ತೆ ಅದನ್ನೇ ಅಂದಳು. “ನನ್ ಬಾಯಿಂದ ಆಯ್ತಲ್ಲಪ್ಪ.” ನನ್ನ ತಲೆಯಲ್ಲಿ ಆ ಚೀಟಿಯ ದುಂಡನೆಯ ಅಕ್ಷರಗಳಿದ್ದವು. ಇಷ್ಟು ಓದಿ, ಇಷ್ಟು ತಿಳಿದು, ನನ್ನ ಗುಂಡಿ ನಾನೇ ತೋಡಿಕೊಂಡೆ ಎಂದು ಊರಿಗೆಲ್ಲ ಗೊತ್ತಾಗುತ್ತದಲ್ಲ ಎನಿಸಿತು. ನಾನೇನೂ ಹೇಳಲಿಲ್ಲ. ಅವಳ ಹೆಗಲು ತಟ್ಟಿ ವ್ಯಾನು ಹತ್ತಿದೆ.

ಮೂರು ತಿಂಗಳಾದ ಮೇಲೆ ಬಿಡುಗಡೆಯಾಗಿ, ಪ್ರೊಬೇಷನ್ ಶುರುವಾದಾಗ ಸಾಹೇಬರ ಕಚೇರಿಯಲ್ಲಿ ಕೊಟ್ಟಿದ್ದ ನನ್ನ ಐಟಿಐ ಸರ್ಟಿಫಿಕೇಟುಗಳನ್ನು ವಾಪಸು ತರಲು ಹೋದೆ. ಸಾಹೇಬರು ಕವರು ಕೊಟ್ಟು, ಎಣಿಸಿ ನೋಡಿಕೋ ಅಂದು, ಆಮೇಲೆ ಕೇಳಿದರು.

“ಅಮ್ಮನಿಗೆ ಹೇಳಿದ್ಯಾ?”

“ಹೇಳಿದೀನಿ ಸಾರ್.”

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿದರು. ನೋಟ್ ಬುಕ್ಕು ಮುಂದೆ ತಳ್ಳಿ, ಅದನ್ನು ಬರಿ ಅನ್ನುತ್ತಾರೇನೋ ಅಂದುಕೊಂಡೆ. ಅನ್ನಲಿಲ್ಲ. ಅದೇ ಕೊನೆ, ಮತ್ತೆ ಅವರನ್ನು ನಾನು ನೋಡಲಿಲ್ಲ.

ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ವರ್ಷ ಕಳೆಯಿತು. ಆಮೇಲೆ ಹೇಳುವುದು ಇನ್ನೂ ಕಷ್ಟವಾಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಲ್ಲ. ಕುಣಿಗಲ್ಲಿನಲ್ಲಿ ಮೋಟಾರು ವೈಂಡಿಂಗ್ ಅಂಗಡಿ ಇಟ್ಟೆ, ಮದುವೆಯಾಯಿತು, ಮಕ್ಕಳಾದವು. ಅವ್ವ ಮನೆಗೆ ಬಂದವರ ಮುಂದೆ ಮಾತು ಕಡಿಮೆ ಮಾಡಿದಳು. ಯಾರಾದರೂ ಹೊಸಬರು ನನ್ನ ಬಗ್ಗೆ ಏನಾದರೂ ಕೇಳಿದರೆ ಎದ್ದು ಒಳಗೆ ಹೋಗುತ್ತಿದ್ದಳು. ಕಂಬ ಹತ್ತಿದ ಲೈನ್‌ಮನ್ ಕಣ್ಣಿಗೆ ಬಿದ್ದರೆ ಬೀದಿಯ ಆ ಕಡೆಗೆ ದಾಟುತ್ತಿದ್ದಳು. ನಾನು ಎಲ್ಲವನ್ನೂ ನೋಡುತ್ತಿದ್ದೆ. ನೋಡಿದಾಗಲೆಲ್ಲ ಸಾಹೇಬರನ್ನು ಬಯ್ಯುತ್ತಿದ್ದೆ, ಅದು ಸುಲಭವಾಗಿತ್ತು.

ಮೂರು ವರ್ಷದ ಹಿಂದೆ ಅವ್ವ ಆಸ್ಪತ್ರೆಯಲ್ಲಿದ್ದಾಗ ಒಂದು ಮಧ್ಯಾಹ್ನ ತಾನಾಗಿ ಆ ಮಾತೆತ್ತಿದಳು.

“ಅವತ್ತು ನನ್ ಬಾಯ್ಗೆ ಬೀಗ ಬಿದ್ದಿದ್ರೆ ನೀನಿವತ್ತು ಎಲ್ಲೋ ಇರ್ತಿದ್ದೆ ಕಣಪ್ಪ.”

ಅದಕ್ಕಿಂತ ಒಳ್ಳೆಯ ಸಮಯ ಇನ್ನೊಂದಿರಲಿಲ್ಲ. ಪಕ್ಕದ ಹಾಸಿಗೆ ಖಾಲಿ, ನರ್ಸು ಹೊರಗೆ. ನಾನು, “ಬುಡವ್ವ ಅತ್ಲಾಗೆ, ನಾನೇನ್ ಅದ್ನ ಮನ್ಸಲ್ಲಿ ಮಡೀಕಂಡಿಲ್ಲ,” ಅಂದೆ. ಅವಳು ನನ್ನ ಕೈ ಎಳೆದುಕೊಂಡು ಕಣ್ಣಿಗೊತ್ತಿಕೊಂಡಳು. ಮಾಡದ ತಪ್ಪಿಗೆ ನನ್ನಿಂದ ಕ್ಷಮೆ ಪಡೆದುಕೊಂಡಳು. ಒಂಬತ್ತು ದಿನಕ್ಕೆ ಹೋದಳು.

ಹಲ್ಲಿನ ಡಾಕ್ಟರ ಹತ್ತಿರದಿಂದ ಹೊರಗೆ ಬಂದವನು ಯಾಕೋ ನೇರ ಆ ಹಳೇ ಕಚೇರಿಯ ಕಡೆ ನಡೆದೆ. ಕಚೇರಿ ಬೇರೆ ಕಡೆ ಹೋಗಿತ್ತು. ಎದುರಿನ ಟೀ ಅಂಗಡಿಯಲ್ಲಿ, ರಿಟೈರಾದ ಆ ಅಟೆಂಡರ್ ಕೂತಿದ್ದ. ನನ್ನ ಗುರುತು ಅವನಿಗೆ ಹತ್ತಲಿಲ್ಲ. ಸಾಹೇಬರು ಹೋಗಿ ಎರಡು ವರ್ಷವಾಯಿತು, ಗುಬ್ಬಿಯಲ್ಲೇ ಮಣ್ಣು ಮಾಡಿದರು ಎಂದ. ಸಂತೋಷವಾಗಬೇಕಿತ್ತು. ಎಷ್ಟು ಸಲ ಅವರ ಸಾವನ್ನು ಬಯಸಿದ್ದೆನೋ. ಆದರೆ ನನಗೆ ಅಲ್ಲೇ ನಿಂತ ಕಾಲಲ್ಲಿ ಅನಿಸಿದ್ದು ಒಂದೇ. ‘ಹೇಳಿಲ್ಲ ಸಾರ್’ ಎಂದು ಹೇಳಲು ಇನ್ನು ಯಾರೂ ಉಳಿಯಲಿಲ್ಲ.

ಮೊನ್ನೆ ನಮ್ಮೂರಿನ ಒಬ್ಬಾಕೆ ಅಂಗಡಿಗೆ ಮಿಕ್ಸಿ ತಂದಿದ್ದಳು. ಅವ್ವನ ಜೊತೆಯವಳು. ಕಾಯಿಲ್ ಬಿಚ್ಚುವವರೆಗೂ ಸ್ಟೂಲಿನ ಮೇಲೆ ಕೂತು ಅವ್ವನ ವಿಷಯ ಮಾತಾಡಿದಳು. “ನಿಮ್ಮವ್ವ ಸಾಯೋಗಂಟ ನಿನ್ನೇ ಹೊಗಳೋಳು ಕಣಪ್ಪ. ‘ನನ್ನಿಂದ ಅವನ ಬಾಳು ಕೆಟ್ಟೋಯ್ತು, ಆದ್ರೂ ನನ್ ಮಗ ಒಂದೇ ಒಂದ್ ದಿವ್ಸ ನನಗೊಂದು ಮಾತು ಅನ್ಲಿಲ್ಲ’ ಅನ್ನೋಳು.”

ನಾನು ಹೂಂ ಅಂದೆ.